ಸವೆಯೋಕಂತಲೇ ಒಂದು ಪಾರ್ಟ್ ಇರುತ್ತೆ

ನಮ್ಮನೆ ಗೀಸರ್ ಹೋಯ್ತು. ಅದೂ ಆಯುಧಪೂಜೆ ಹಿಂದಿನ ದಿನ. ಬೆಳಿಗ್ಗೆ ಎದ್ದು ನೋಡ್ತೀನಿ, ಬಚ್ಚಲುಮನೆ ಗೋಡೆ ಉದ್ದಕ್ಕೂ ತುಕ್ಕು ಬಣ್ಣದ ನೀರು ಇಳೀತಾ ಇದೆ. ತಗೊಂಡು ಐದೂವರೆ ವರ್ಷ, ಟ್ಯಾಂಕ್ ವಾರಂಟಿ 5 ವರ್ಷ. ಕ್ಯಾಲೆಂಡರ್ ನೋಡ್ಕೊಂಡೇ ಸತ್ತಿದೆ ಅಂದ್ರು ನಮ್ಮನೆಯವರು.

ಕಂಪನಿ ಸರ್ವೀಸಿನ ಹುಡುಗ ಬಂದ, ನೋಡ್ದ, "ಟ್ಯಾಂಕ್ ಲೀಕ್ ಮೇಡಂ, ಇದಕ್ಕೆ ರಿಪೇರಿ ಇಲ್ಲ, ಹೊಸದೇ ತಗೊಳ್ಳಿ, ಎಕ್ಸ್‌ಚೇಂಜ್ ಆಫರ್ ಇದೆ" ಅಂದ, ವಿಸಿಟಿಂಗ್ ಚಾರ್ಜ್ ಇಸ್ಕೊಂಡು ಹೋದ. ಅವನು ಹೇಳಿದ್ದು ಸುಳ್ಳಲ್ಲ, ಒಳಗಡೆ ಗಾಜಿನ ಲೇಪ ಇರೋ ಟ್ಯಾಂಕ್ ಅದು, ತೂತಾದ್ಮೇಲೆ ವೆಲ್ಡಿಂಗ್ ಮಾಡಿಸೋಕೆ ಹೋದ್ರೆ ಆ ಲೇಪಾನೇ ಸುಟ್ಟು ಹೋಗುತ್ತೆ. ಆದ್ರೆ ನನಗೆ ಸಮಾಧಾನ ಆಗ್ಲಿಲ್ಲ, ನಮ್ಮ ಏರಿಯಾದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದಾನೆ, ಅವನನ್ನ ಕರೆಸಿ ಬಿಚ್ಚಪ್ಪ ಇದನ್ನ, ಒಳಗೇನಾಗಿದೆ ನೋಡ್ಬೇಕು ನಾನು ಅಂದೆ. ಅವನಿಗೆ ನಗು. ಸತ್ತಿರೋದನ್ನ ಪೋಸ್ಟ್‌ಮಾರ್ಟಮ್ ಮಾಡಿಸ್ತಾರಲ್ಲ ಈಯಮ್ಮ ಅಂತ.

ಬಿಚ್ಚಿದ. ಮೊದ್ಲು ಅರ್ಧ ಬಕೆಟ್ ಬಿಳಿ ಚಕ್ಕೆ ಬಿತ್ತು, ಸುಣ್ಣದ ಗೋಡೆ ಕೆರೆದ ಹಾಗೆ. ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ನೀರು, ಬೇಸಿಗೇಲಿ ಟ್ಯಾಂಕರ್, ಕಾವೇರಿ ನೀರು ಇನ್ನೂ "ಬರುತ್ತೆ". ಬೋರ್ ನೀರಲ್ಲಿರೋ ಕ್ಯಾಲ್ಸಿಯಂ ಕಾದಾಗ ಸುಣ್ಣದ ಗಟ್ಟಿ ಆಗಿ ಕಾಯಿಲ್‌ಗೆ ಹತ್ಕೊಳ್ಳುತ್ತೆ, ನೀರು ಕಾಯೋದು ನಿಧಾನ ಆಗುತ್ತೆ, ಕರೆಂಟ್ ಬಿಲ್ ಏರುತ್ತೆ, ಕೊನೆಗೆ ಕಾಯಿಲೇ ಸುಡುತ್ತೆ. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಇದ್ದಿದ್ದು ಇನ್ನೊಂದು. ಅವನು ಒಳಗಿಂದ ಒಂದು ಸಣ್ಣ ತಂತಿ ಎಳೆದು ನನ್ನ ಕೈಗೆ ಕೊಟ್ಟ. "ಅಕ್ಕಾ, ಇದು ಆನೋಡ್ ರಾಡು. ಬರೋವಾಗ ಇಷ್ಟು ದಪ್ಪ ಇತ್ತು" ಅಂತ ತನ್ನ ಹೆಬ್ಬೆರಳು ತೋರಿಸ್ದ. "ಈಗ ನಡುವಿನ ತಂತಿ ಮಾತ್ರ ಉಳಿದಿದೆ."

ಅದೇನು ಅಂದ್ರೆ, ಮೆಗ್ನೀಸಿಯಂ ಕಡ್ಡಿ. ನೀರು ಟ್ಯಾಂಕಿನ ಕಬ್ಬಿಣ ತಿನ್ನೋ ಬದಲು ಮೊದ್ಲು ಇದನ್ನ ತಿನ್ಲಿ ಅಂತ ಕಂಪನಿಯವರೇ ಇಟ್ಟಿರ್ತಾರೆ. ಮನೆ ಕಟ್ಟೋವಾಗ ಮುಂದುಗಡೆ ದೃಷ್ಟಿಬೊಂಬೆ ತೂಗು ಹಾಕಲ್ವಾ, ಕಣ್ಣು ಬೀಳೋದೆಲ್ಲ ಅದರ ಮೇಲೆ ಬೀಳ್ಲಿ ಅಂತ, ಹಂಗೆ. ಬೊಂಬೆ ಪೂರ್ತಿ ಕರಗಿ ಹೋದ್ಮೇಲೆ ಕಣ್ಣು ಮನೆ ಮೇಲೇ ತಾನೇ. ನಮ್ಮಂಥ ಗಡಸು ನೀರಿಗೆ ವರ್ಷ ಎರಡು ವರ್ಷಕ್ಕೊಂದು ಸಲ ಬಿಚ್ಚಿ ನೋಡಿ, ಸವೆದಿದ್ರೆ ಬದಲಾಯಿಸ್ಬೇಕು, ಅಷ್ಟೇ. ಎಷ್ಟಪ್ಪಾ ಇದಕ್ಕೆ ಅಂದೆ. 500 ರೂಪಾಯಿ ಒಳಗೇ ಸಿಗುತ್ತೆ ಅಕ್ಕಾ ಅಂದ. ಹೊಸ ಗೀಸರ್‌ಗೆ ನಾನು ಕೊಟ್ಟಿದ್ದು 9,000 ಚಿಲ್ಲರೆ.

ನನಗೆ ಹೊಟ್ಟೆ ಉರಿದಿದ್ದು ದುಡ್ಡಿಗಲ್ಲ. ಈ ಐದು ವರ್ಷದಲ್ಲಿ ಇದೇ ಸರ್ವೀಸಿನವರು ಮೂರು ಸಲ ಬಂದಿದಾರೆ, ಒಂದ್ಸಲ ಥರ್ಮೋಸ್ಟಾಟ್‌ಗೆ, ಇನ್ನೆರಡು ಸಲ ಏನಕ್ಕೋ. ಮೂರು ಸಲಾನೂ ಒಬ್ಬನೂ ಬಾಯಿ ಬಿಟ್ಟು ಹೇಳ್ಲಿಲ್ಲ, ಮೇಡಂ ಒಳಗೊಂದು ರಾಡ್ ಇದೆ ಅಂತ. ಹೋಗ್ಲಿ, ಡಬ್ಬದ ಜೊತೆ ಬಂದ ಪುಸ್ತಕದಲ್ಲಿ ಇತ್ತು, ಆಮೇಲೆ ಹುಡುಕಿ ನೋಡ್ದೆ, 14ನೇ ಪೇಜಲ್ಲಿ ಒಂದೇ ಒಂದು ಸಾಲು. ಓದಿರ್ಲಿಲ್ಲ. ನನ್ನ ತಪ್ಪೂ ಇದೆ, ಒಪ್ಕೋತೀನಿ.

ಅವತ್ತು ಆ ತಂತಿ ಹಿಡ್ಕೊಂಡು ಅಡುಗೆಮನೇಲಿ ಕೂತಾಗ ಥಟ್ಟಂತ ನೆನಪಾಗಿದ್ದು ನಮ್ಮಮ್ಮನ ಹಿತ್ತಾಳೆ ಕೊಳಗ.

ತಿಪಟೂರು ಹತ್ರ ನಮ್ಮೂರು. ಚಿಕ್ಕವರಿದ್ದಾಗ ಹಬ್ಬಕ್ಕೆ ಮುಂಚೆ "ಪಾತ್ರೆಗೆ ಕಲಾಯೀ..." ಅಂತ ಕೂಗ್ಕೊಂಡು ಬರೋರು, ಬೀದೀಲಿ ಬೇವಿನ ಮರದ ಕೆಳಗೆ ಸಣ್ಣ ಗುಂಡಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತಿ ಬೆಂಕಿ ಮಾಡೋರು. ನಾವು ಮಕ್ಕಳೆಲ್ಲ ಸುತ್ತ ಕುಕ್ಕರುಗಾಲಲ್ಲಿ. ಪಾತ್ರೆ ಕಾದು ಬಣ್ಣ ತಿರುಗೋ ಹೊತ್ತಿಗೆ ಒಂಚೂರು ನವಸಾಗರ ಉದುರಿಸೋರು, ಬುಸ್ ಅಂತ ಬಿಳಿ ಹೊಗೆ, ಮೂಗು ಉರಿ, ಅಷ್ಟರಲ್ಲಿ ತವರದ ಕಡ್ಡಿ ಒಂದು ಗೀರು ಎಳೆದು ಹತ್ತಿ ಉಂಡೇಲಿ ಸರ್ರಂತ ಒಂದು ಸುತ್ತು ಒರೆಸಿದ್ರೆ ಕಪ್ಪಗಿದ್ದ ಕೊಳಗದ ಒಳಗೆ ಬೆಳದಿಂಗಳು. ನೀರಿಗದ್ದಿ ಚುಂಯ್ ಅನ್ನಿಸಿ ಪಕ್ಕಕ್ಕಿಡೋರು.

ಕಲಾಯಿ ಅಂದ್ರೂ ಅದೇ ಕಥೆ ಅಲ್ವಾ? ಹಿತ್ತಾಳೆ, ತಾಮ್ರದ ಪಾತ್ರೇಲಿ ಹಾಗೇ ಹುಳಿ ಸಾರು ಮಾಡಿದ್ರೆ ಕಿಲುಬು. ಅದಕ್ಕೆ ನಡುವೆ ತೆಳ್ಳಗೆ ತವರದ ಪದರ. ಸವೆಯೋದು ಅದು, ಉಳಿಯೋದು ಪಾತ್ರೆ. ಅಜ್ಜಿ ಕೊಳಗ ಅಮ್ಮನಿಗೆ ಬಂತು, ಅಮ್ಮನದು ನನಗೆ ಬಂತು, ಒಳಗಿನ ಕಲಾಯಿ ಮಾತ್ರ ಎಷ್ಟು ಸಲ ಬದಲಾಗಿದೆಯೋ ಲೆಕ್ಕ ಇಲ್ಲ. ಅಮ್ಮ ಒಂದು ವಿಷಯಕ್ಕೆ ಬೈಯೋರು, "ಬರೀ ಕೊಳಗ ಒಲೆ ಮೇಲೆ ಇಡ್ಬೇಡ, ಮೊದ್ಲು ನೀರು ಹಾಕು, ಆಮೇಲೆ ಉರಿ ಹಚ್ಚು" ಅಂತ. ಏನೋ ಶಾಸ್ತ್ರ ಇರ್ಬೇಕು ಅನ್ಕೊಂಡಿದ್ದೆ. ತವರ ಕರಗೋದು 232 ಡಿಗ್ರಿಗೆ. ನೀರಿದ್ರೆ ಪಾತ್ರೆ ಆ ಬಿಸಿ ಮುಟ್ಟೋದೇ ಇಲ್ಲ, ಖಾಲಿ ಪಾತ್ರೆ ಐದು ನಿಮಿಷದಲ್ಲಿ ಮುಟ್ಟುತ್ತೆ. ಅಮ್ಮ ಎಸ್ಸೆಸ್ಸೆಲ್ಸಿ ಫೇಲು, ಡಿಗ್ರಿ ಗಿಗ್ರಿ ಏನೂ ಗೊತ್ತಿರ್ಲಿಲ್ಲ, ಆದ್ರೆ ಈ ಪಾತ್ರೆ ಎಲ್ಲಿ ಸಾಯುತ್ತೆ ಅನ್ನೋದು ಗೊತ್ತಿತ್ತು. ಒಳಗೆ ಸ್ಟೀಲ್ ಉಜ್ಜು ಹಾಕ್ತಿರ್ಲಿಲ್ಲ, ತೆಂಗಿನ ನಾರು ಅಷ್ಟೇ. ಹುಣಸೆಹಣ್ಣು ಹೊರಗಡೆಗೆ ಮಾತ್ರ.

ಈಗ ನಮ್ಮ ಅಡುಗೆಮನೆ ನಾನ್‌ಸ್ಟಿಕ್ ತವಾ ನೋಡಿ. ಅದೂ ಒಂಥರಾ ಕಲಾಯೀನೇ, ಮೇಲೊಂದು ತೆಳು ಲೇಪ. ಆದ್ರೆ ಲೇಪ ಹೋದ್ರೆ ಮತ್ತೆ ಹಾಕಿಸೋಕೆ ಬೀದೀಲಿ ಯಾರೂ ಕೂಗ್ಕೊಂಡು ಬರಲ್ಲ. ಕೂದಲೆಳೆಯಷ್ಟು ಲೇಪ ಹೋಯ್ತು ಅಂತ ಅಷ್ಟು ದಪ್ಪದ ಅಲ್ಯೂಮಿನಿಯಂ ಪೂರ್ತಿ ಗುಜರಿಗೆ. ನಾನು ಮೂರು ತವಾ ಹಾಳು ಮಾಡಿ ಕೊನೆಗೆ ಅಮ್ಮನ ಕಬ್ಬಿಣದ ಕಾವಲಿಗೇ ವಾಪಸ್ ಬಂದೆ. ಮೊದಲ ಎರಡು ವಾರ ದೋಸೆ ಬದಲು ಉಪ್ಪಿಟ್ಟು ಎದ್ದು ಬಂತು, ಸುಳ್ಳು ಯಾಕೆ ಹೇಳ್ಲಿ. ಸೋಪು ಹಾಕದೆ, ಒರೆಸಿ, ಎಣ್ಣೆ ಸವರಿ ಇಟ್ಟು, ಹುಯ್ಯೋ ಮುಂಚೆ ಅರ್ಧ ಈರುಳ್ಳಿ ಎಣ್ಣೇಲಿ ಅದ್ದಿ ಉಜ್ಜಿ, ಮುಖ್ಯವಾಗಿ ಆ ಕಾವಲೀಲಿ ಚಪಾತಿ ಮಾಡೋದು ಬಿಟ್ಟ ಮೇಲೆ ಈಗ ಚೆನ್ನಾಗಿ ಏಳುತ್ತೆ.

ಹೋದ ವರ್ಷ ಮಿಕ್ಸಿ ನಿಂತೋಯ್ತು ಅಂತ ನನ್ನ ಓರಗಿತ್ತಿ ಹೊಸದು ಆರ್ಡರ್ ಮಾಡೋಕೆ ಹೊರಟಿದ್ಲು. ಮಿಕ್ಸಿ ಮಗುಚಿ ಅಡಿಗಿರೋ ಕೆಂಪು ಗುಂಡಿ ಒತ್ತಿದೆ, ಸುರು ಆಯ್ತು. ಓವರ್‌ಲೋಡ್ ಆದಾಗ ಮೋಟಾರ್ ಸುಡದೇ ಇರ್ಲಿ ಅಂತ ತಾನಾಗೇ ಆಫ್ ಆಗೋ ಸ್ವಿಚ್ಚು ಅದು. ಮಿಕ್ಸೀಲಿ ಜಾರ್ ಕೂರೋ ಕಪ್ಲರ್ ಕೂಡ ಹಂಗೇ, ಬ್ಲೇಡ್ ಸಿಕ್ಕಿಹಾಕ್ಕೊಂಡ್ರೆ ಮೊದ್ಲು ಅದು ಮುರೀಲಿ ಅಂತಲೇ ಮೆತ್ತಗಿರೋದು. ಒಂದು ಪ್ಲೇಟ್ ಇಡ್ಲಿ ರೇಟು. ಫ್ಯಾನ್ ನಿಧಾನ ಆಯ್ತಾ, ಬಹಳಷ್ಟು ಸಲ ಕೆಪಾಸಿಟರ್, ಮಾಮೂಲಿ ಫ್ಯಾನ್‌ಗಳಲ್ಲಿ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ದು, ಬೀದಿ ಕೊನೆ ಎಲೆಕ್ಟ್ರಿಕಲ್ ಅಂಗಡೀಲೇ ಸಿಗುತ್ತೆ. ಕುಕ್ಕರ್ ಸೀಟಿ ಹೊಡೀತಿಲ್ವಾ, ಗ್ಯಾಸ್ಕೆಟ್. ಇವೆಲ್ಲಾ ದೃಷ್ಟಿಬೊಂಬೆಗಳೇ ಕಣ್ರೀ. ಯಾವ ಸಾಮಾನು ಮನೆಗೆ ತಂದ್ರೂ ಈಗ ನಾನು ಮೊದ್ಲು ಕೇಳೋ ಪ್ರಶ್ನೆ, ಇದರಲ್ಲಿ ಸವೆಯೋದು ಯಾವುದು, ಅದು ಬಿಡಿಯಾಗಿ ಸಿಗುತ್ತಾ. ಸ್ಟಾರ್ ರೇಟಿಂಗ್ ಆಮೇಲೆ. ಅಂಗಡಿ ಹುಡುಗ್ರು ನನ್ನನ್ನ ವಿಚಿತ್ರ ಪ್ರಾಣಿ ಥರ ನೋಡ್ತಾರೆ.

ಹಂಗಂತ ಎಣ್ಣೆ ಹಾಕ್ಬಿಟ್ರೆ, ಉಜ್ಜಿಬಿಟ್ರೆ ಬಾಳಿಕೆ ಬರುತ್ತೆ ಅಂತೇನಿಲ್ಲ. ನಮ್ಮಪ್ಪ ಇದಕ್ಕೆ ಸಾಕ್ಷಿ. ತಿಪಟೂರಿನವರಿಗೆ ಎಲ್ಲಾ ರೋಗಕ್ಕೂ ಕೊಬ್ಬರಿ ಎಣ್ಣೆ ತಾನೇ, ತಲೆಗೂ ಅದೇ, ದೀಪಕ್ಕೂ ಅದೇ, ಬಾಗಿಲ ಕೀಲಿಗೂ ಅದೇ. ಪ್ರತಿ ಆಯುಧಪೂಜೆಗೂ ಅಮ್ಮನ ಹೊಲಿಗೆ ಮೆಷಿನ್ನಿನ ಒಂದೊಂದು ತೂತಿಗೂ ಭಕ್ತಿಯಿಂದ ಕೊಬ್ಬರಿ ಎಣ್ಣೆ ಬಿಡೋರು, ಮೇಲೆ ವಿಭೂತಿ, ಕುಂಕುಮ, ಅರಿಶಿನ. ಸಂಕ್ರಾಂತಿ ಚಳಿಗೆ ಎಣ್ಣೆ ಗಟ್ಟಿ, ಅದರಲ್ಲಿ ಕುಂಕುಮ ಸೇರಿ ಅಂಟು, ಚಕ್ರ ಜಪ್ಪಯ್ಯ ಅಂದ್ರೂ ತಿರುಗ್ತಿರ್ಲಿಲ್ಲ. ಮೆಷಿನ್ ರಿಪೇರಿಯವರು ಸೀಮೆಎಣ್ಣೆ ಹಾಕಿ ತೊಳೆದು ಅಪ್ಪನಿಗೆ ಕೈ ಮುಗಿದಿದ್ರು, "ಸ್ವಾಮಿ, ಪೂಜೆ ಮಾಡಿ, ಬೇಡ ಅನ್ನಲ್ಲ, ಎಣ್ಣೆ ಮಾತ್ರ ಮೆಷಿನ್ ಎಣ್ಣೇನೇ ಹಾಕಿ." ಇನ್ವರ್ಟರ್ ಬ್ಯಾಟರಿಗೆ ನಲ್ಲಿ ನೀರು ಹಾಕೋ ಪುಣ್ಯಾತ್ಮರೂ ಇದೇ ಜಾತಿ. ಡಿಸ್ಟಿಲ್ಡ್ ವಾಟರ್ ಅಂತ ಬಾಟಲಿ ಮೇಲೆ ಬರೆದು ಮಾರೋದು ಸುಮ್ನೆ ಅಲ್ಲ.

ಇನ್ನೊಂದು, ಎಲ್ಲದನ್ನೂ ಬಾಳಿಸ್ಬೇಕು ಅನ್ನೋ ಹಠಾನೂ ಬೇಡ. ಗ್ಯಾಸ್ ಪೈಪ್ ಮೇಲೆ ಡೇಟ್ ಪ್ರಿಂಟ್ ಆಗಿರುತ್ತೆ, 5 ವರ್ಷ ಆದ್ರೆ ನೋಡೋಕೆ ಎಷ್ಟೇ ಚೆನ್ನಾಗಿರ್ಲಿ ತೆಗೆದು ಬಿಸಾಕಿ. ನಮ್ಮ ಸೋದರತ್ತೆ ಬಿರುಕು ಬಿಟ್ಟ ಪೈಪಿಗೆ ಇನ್ಸುಲೇಷನ್ ಟೇಪ್ ಸುತ್ತಿದ್ರು, ಅದು ಉಳಿತಾಯ ಅಲ್ಲ. ಫ್ಯಾನೂ ಅಷ್ಟೇ, ಹಳೇದು 75 ವ್ಯಾಟ್ ತಿನ್ನೋ ಕಡೆ ಬಿ.ಎಲ್.ಡಿ.ಸಿ. ಅನ್ನೋ ಹೊಸ ಥರದ ಮೋಟಾರ್ ಇರೋ ಫ್ಯಾನ್ 30ರ ಆಸುಪಾಸಲ್ಲಿ ಮುಗಿಸುತ್ತೆ, ಅದಕ್ಕೆ ಇಡೀ ದಿನ ತಿರುಗೋ ಹಾಲಿನ ಫ್ಯಾನ್ ಬದಲಾಯಿಸ್ದೆ, ವರ್ಷಕ್ಕೆ ಹತ್ತು ದಿನ ತಿರುಗೋ ಗೆಸ್ಟ್ ರೂಮಿನದಕ್ಕೆ ಕೆಪಾಸಿಟರ್ ಹಾಕಿಸ್ದೆ. ನಮ್ಮನೆಯವರು ಎರಡೂ ಬದಲಾಯಿಸೋಣ ಅಂತಿದ್ರು, ಮ್ಯಾಚಿಂಗ್ ಇರುತ್ತೆ ಅಂತೆ.

ಆದ್ರೆ ನಾವು ಎಷ್ಟೇ ಜೋಪಾನ ಮಾಡಿದ್ರೂ ಸವೆಯೋ ಪಾರ್ಟನ್ನೇ ಒಳಗೆ ಅಂಟಿಸಿ ಮುಚ್ಚಿಬಿಟ್ರೆ ಏನು ಮಾಡೋದು? ಮೊದ್ಲು ಫೋನ್ ಹಿಂದೆ ಉಗುರು ಹಾಕಿದ್ರೆ ಬ್ಯಾಟರಿ ಕೈಗೆ ಬರ್ತಿತ್ತು. ಈಗ ಬಿಸಿ ಮಾಡಿ ಗಮ್ ಕರಗಿಸಿ ತೆಗೀಬೇಕು. ಬ್ಯಾಟರಿ ಸವೆಯುತ್ತೆ ಅಂತ ಮಾಡೋರಿಗೆ ಗೊತ್ತಿಲ್ವಾ? ಚೆನ್ನಾಗೇ ಗೊತ್ತು. ಫ್ರಾನ್ಸ್‌ನಲ್ಲಿ 2021ರಿಂದ ಫೋನು, ಲ್ಯಾಪ್‌ಟಾಪು, ವಾಷಿಂಗ್ ಮೆಷಿನ್ ಥರದ ಕೆಲವು ಸಾಮಾನಿಗೆ ರಿಪೇರಿ ಎಷ್ಟು ಸುಲಭ ಅಂತ ಹತ್ತಕ್ಕೆ ಮಾರ್ಕ್ಸ್ ಹಾಕಿ ಅಂಗಡೀಲೇ ತೋರಿಸ್ಬೇಕು ಅಂತ ಕಾನೂನು ಮಾಡಿದ್ರು. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರೈಟ್ ಟು ರಿಪೇರ್‌ಗೆ, ಅಂದ್ರೆ ಕೊಂಡ ಸಾಮಾನನ್ನ ರಿಪೇರಿ ಮಾಡಿಸ್ಕೊಳ್ಳೋ ಹಕ್ಕಿಗೆ, ಒಂದು ಕಮಿಟಿ ಮಾಡಿ, ಅದೇ ವರ್ಷ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ಲೂ ಬಿಟ್ರು. ಒಳ್ಳೇದೇ. ಆದ್ರೆ ನನಗೆ ಬೇಕಾಗಿರೋದು ಪೋರ್ಟಲ್ಲಲ್ಲ. ಗೀಸರ್ ಮೈಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ "ಈ ರಾಡ್ ಎರಡು ವರ್ಷಕ್ಕೊಮ್ಮೆ ನೋಡಿ" ಅಂತ ಒಂದು ಸ್ಟಿಕ್ಕರ್. ಎನರ್ಜಿ ಸ್ಟಾರ್ ಅಂಟಿಸೋಕೆ ಜಾಗ ಇದ್ಯಲ್ಲ, ಪಕ್ಕದಲ್ಲಿ ಇದೊಂದು ಅಂಟಿಸಿದ್ರೆ ಏನು ಗಂಟು ಹೋಗುತ್ತೆ.

ಇಷ್ಟೆಲ್ಲ ಬರೆದ್ಮೇಲೆ ಒಂದು ಕಸಿವಿಸಿ ಹೇಳದೇ ಇದ್ರೆ ಆಗಲ್ಲ. ಹಿಂದಿನವರು ಎಷ್ಟು ಜೋಪಾನ, ನಾವೇ ಹಾಳಾದ್ವಿ ಅಂತ ಭಾಷಣ ಬಿಗಿಯೋದು ಸುಲಭ. ಆ ಜೋಪಾನ ಯಾರು ಮಾಡ್ತಿದ್ರು? ರೇಷ್ಮೆ ಸೀರೆ ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಿ ಬಿಳಿ ಪಂಚೇಲಿ ಸುತ್ತಿಡೋದು, ಮೊರಕ್ಕೆ ಸಗಣಿ ಬಳಿದು ಒಣಗಿಸೋದು, ಹಾಸಿಗೆ ಬಿಸಿಲಿಗೆ ಹಾಕೋದು, ಕುಕ್ಕರ್ ಗ್ಯಾಸ್ಕೆಟ್ ತೊಳೆದು ಮೊಳೆಗೆ ತಗುಲಿಸೋದು, ಎಲ್ಲಾ ಅಮ್ಮನೇ. ಅಪ್ಪನ ಪಾಲಿಗೆ ವರ್ಷಕ್ಕೊಂದು ದಿನದ ಕೊಬ್ಬರಿ ಎಣ್ಣೆ. ಈಗ ನಾನು ಆಫೀಸಿಂದ ಏಳೂವರೆಗೆ ಬಂದು ವಾಷಿಂಗ್ ಮೆಷಿನ್ ಫಿಲ್ಟರ್ ತೊಳೀಲಾ, ಫ್ರಿಜ್ ಹಿಂದಿನ ಧೂಳು ಒರೆಸ್ಲಾ ಅಂದ್ರೆ, ಎಷ್ಟೋ ದಿನ ಹಾಳಾಗ್ ಹೋಗ್ಲಿ ಅಂತ ಮಲಗಿದೀನಿ. ಬಿಸಾಕಿ ಹೊಸದು ತಗೊಳ್ಳೋದು ದುಡ್ಡಿನ ಸೊಕ್ಕಿಂದ ಮಾತ್ರ ಅಲ್ಲ, ಸುಸ್ತಿಂದಾನೂ ಆಗುತ್ತೆ.

ಅದಕ್ಕೆ ಈ ಆಯುಧಪೂಜೆಗೆ ನಮ್ಮನೇಲಿ ಒಂದು ಪದ್ಧತಿ ಮಾಡಿದೀವಿ. ಕುಂಕುಮ ಇಡೋಕೆ ಮುಂಚೆ ಒಂದೊಂದು ಮೆಷಿನ್ ಒಬ್ಬೊಬ್ಬರ ಹೆಸರಿಗೆ. ಮಗಳಿಗೆ ಫ್ರಿಜ್ಜು, ಮಗನಿಗೆ ವಾಷಿಂಗ್ ಮೆಷಿನ್ನು, ನಮ್ಮನೆಯವರಿಗೆ ಗೀಸರ್ ಮತ್ತು ಇನ್ವರ್ಟರ್. ಮಗ ಫಿಲ್ಟರ್ ಬಿಚ್ಚಿದಾಗ ಒಂದು ಕ್ಲಿಪ್ಪು, ಎಂಟಾಣೆ ನಾಣ್ಯ, ಅವನೇ ಕಳ್ಕೊಂಡಿದ್ದ ಸ್ಕೂಲ್ ಬ್ಯಾಡ್ಜು ಸಿಕ್ತು. ಹೊಸ ಗೀಸರ್ ಪಕ್ಕ ಟೈಲ್ಸ್ ಮೇಲೆ ಮಾರ್ಕರಲ್ಲಿ ಡೇಟ್ ಬರೆದಿದೀನಿ, ಟೈಲ್ಸ್ ಹಾಳಾಯ್ತು ಅಂತ ಇನ್ನೂ ಗೊಣಗಾಟ ನಡೀತಿದೆ. ಮನೇಲಿ ನನ್ನ ಪಾಲಿಗೆ ಅಂತ ಉಳಿದಿರೋದು ಅಮ್ಮನ ಕೊಳಗ. ಅದರ ತಳದಲ್ಲಿ ಹಳದಿ ಕಾಣ್ತಿದೆ, ಕಲಾಯಿ ಪೂರ್ತಿ ಹೋಗಿದೆ, ಎರಡು ತಿಂಗಳಿಂದ ಅದರಲ್ಲಿ ಬೇಯಿಸದೇ ಅಕ್ಕಿ ತುಂಬಿಟ್ಟಿದೀನಿ. ಬೆಂಗಳೂರಲ್ಲಿ, ಮಲ್ಲೇಶ್ವರ ರಾಜಾಜಿನಗರ ಕಡೆ ಆದ್ರೆ ಇನ್ನೂ ಒಳ್ಳೇದು, ತವರದಲ್ಲಿ ಸರಿಯಾಗಿ ಕಲಾಯಿ ಹಾಕಿಕೊಡೋರು ಯಾರಾದ್ರೂ ಗೊತ್ತಿದ್ರೆ ಹೇಳಿ, ಭಾನುವಾರ ಹೊತ್ಕೊಂಡು ಬರ್ತೀನಿ.