ಮೊಣಕಾಲು ಬಗ್ಗಿಸಿ, ಸಿಸ್ಟರ್!

ನರ್ಸ್‌ಗಳ ಬೆನ್ನು ನೋವಿಗೆ ಆಸ್ಪತ್ರೆಗಳು ಮದ್ದು ಕಂಡುಹಿಡಿದು ಬಹಳ ವರ್ಷಗಳಾದವು. ಅದೊಂದು ಪೋಸ್ಟರ್. ಬೆನ್ನು ನೆಟ್ಟಗಿಟ್ಟು, ಮೊಣಕಾಲು ಬಗ್ಗಿಸಿ, ನಗುನಗುತ್ತಾ ಒಬ್ಬಾಕೆ ರಟ್ಟಿನ ಪೆಟ್ಟಿಗೆ ಎತ್ತುತ್ತಿರುತ್ತಾಳೆ. ಪೆಟ್ಟಿಗೆಗೆ ಎರಡೂ ಕಡೆ ಹಿಡಿ. ಅದು ನರಳುವುದಿಲ್ಲ, ಒದೆಯುವುದಿಲ್ಲ, ಡ್ರಿಪ್ ಕಿತ್ತುಕೊಳ್ಳುವುದಿಲ್ಲ, ಅರ್ಧಕ್ಕೆ ಬಂದಾಗ ‘ಅಯ್ಯೋ ಬಿದ್ದೆ’ ಅಂತ ಕುತ್ತಿಗೆಗೆ ಜೋತು ಬೀಳುವುದೂ ಇಲ್ಲ. ಇಂಥ ರೋಗಿ ಯಾವ ವಾರ್ಡಿನಲ್ಲಿದ್ದರೂ ಹೇಳಿ, ಸಿಸ್ಟರ್‌ಗಳೆಲ್ಲ ಅಲ್ಲಿಗೇ ಡ್ಯೂಟಿ ಹಾಕಿಸಿಕೊಳ್ಳುತ್ತಾರೆ.

ಈ ತೂಕದ ಲೆಕ್ಕ ಹಾಕಿದವರೂ ಇದ್ದಾರೆ. ಎಲ್ಲ ಅನುಕೂಲವಿದ್ದಾಗ ಪೆಟ್ಟಿಗೆ ಎತ್ತಲು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಹಾಕಿದ ಮಿತಿ 23 ಕೆ.ಜಿ. ಅದೇ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ರೋಗಿಗಳ ವಿಷಯಕ್ಕೂ ಲೆಕ್ಕ ಹಾಕಿದರು. ಬಂದದ್ದು ಸುಮಾರು 16 ಕೆ.ಜಿ. ಅದೂ ರೋಗಿ ಹೇಳಿದ ಮಾತು ಕೇಳಿಕೊಂಡು ಸುಮ್ನೆ ಇದ್ದರೆ. ದೊಡ್ಡವರ ಒಂದು ಕಾಲು ಮೈತೂಕದ ಹೆಚ್ಚುಕಡಿಮೆ ಆರನೇ ಒಂದು ಭಾಗ ತೂಗುತ್ತದೆ. ಅಂದರೆ 100 ಕೆ.ಜಿ. ಆಸಾಮಿ ಅಡ್ಮಿಟ್ ಆದರೆ ಸಿಸ್ಟರ್ ಅವನ ಒಂದೇ ಒಂದು ಕಾಲು ಎತ್ತಬಹುದು. ಉಳಿದದ್ದನ್ನು ಮುಂದಿನ ಶಿಫ್ಟಿನವರು ಕಂತಿನಲ್ಲಿ ಎತ್ತಿಕೊಳ್ಳಲಿ.

ಎತ್ತೋಕೆ ಮಷಿನ್ ಇಲ್ವಾ ಅಂತ ಕೇಳಬೇಡಿ. ಇದೆ. ರೋಗಿಯನ್ನು ಜೋಲಿಯಲ್ಲಿ ಕೂರಿಸಿ ಹಗುರವಾಗಿ ಎತ್ತುತ್ತದೆ. ಸ್ಟೋರ್ ರೂಮಿನಲ್ಲಿ ಹೊದಿಕೆ ಹೊದ್ದು ಭದ್ರವಾಗಿದೆ. ಬೀಗದ ಕೈ ಇರುವವರು ಮೀಟಿಂಗಿನಲ್ಲಿದ್ದಾರೆ. ಇನ್‌ಸ್ಪೆಕ್ಷನ್ ದಿನ ಹೊರಗೆ ಬರುತ್ತದೆ, ಫೋಟೋ ತೆಗೆಸಿಕೊಂಡು ಒಳಗೆ ಹೋಗುತ್ತದೆ. ದಿನಾ ಬಳಸಿದರೆ ಸವೆಯುತ್ತದೆ ಅಲ್ವಾ? ಮಷಿನ್ ಕೆಟ್ಟರೆ ರಿಪೇರಿಗೆ ದುಡ್ಡು ಬೇಕು. ಸಿಸ್ಟರ್ ಕೆಟ್ಟರೆ ಕೆಲಸ ಕೇಳಿ ಬಂದ ಅರ್ಜಿಗಳ ಕಟ್ಟೇ ಇದೆ.

ಬದಲಿಗೆ ತರಬೇತಿ ಕೊಡುತ್ತಾರೆ. ಎತ್ತುವ ಕ್ರಮ ಕಲಿಸಿದ ಮಾತ್ರಕ್ಕೆ ಬೆನ್ನು ನೋವು ಕಡಿಮೆಯಾಗುತ್ತದೆ ಎನ್ನಲು ಗಟ್ಟಿ ಪುರಾವೆ ಸಿಕ್ಕಿಲ್ಲ. ಸಿಗದಿದ್ದರೇನು, ಹಾಜರಿ ಸಹಿ ಸಿಗುತ್ತದೆ. ನೈಟ್ ಡ್ಯೂಟಿ ಮುಗಿಸಿದವರನ್ನೇ ಹಿಡಿದು ನಿಲ್ಲಿಸಿಕೊಂಡು, ‘ಜಾಸ್ತಿ ಹೊತ್ತು ನಿಲ್ಲಬೇಡಿ’ ಎಂದು ಎರಡು ಗಂಟೆ ಹೇಳುತ್ತಾರೆ. ಕುರ್ಚಿಗಳು ಅತಿಥಿಗಳಿಗೆ. ಆಮೇಲೆ ರೋಗಿ ಜಾರಿದಾಗ, ಸಿಸ್ಟರ್ ಸೊಂಟ ಹಿಡಿದುಕೊಂಡಾಗ ಕೇಳುವ ಮೊದಲ ಪ್ರಶ್ನೆ: ‘ಮೊಣಕಾಲು ಬಗ್ಗಿಸಿದ್ರಾ?’ ವಾರ್ಡಿನಲ್ಲಿ ಇನ್ನೊಬ್ಬರು ಯಾಕಿರಲಿಲ್ಲ ಅಂತ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಗೆ ಮೊಣಕಾಲು ಬಗ್ಗಿಸಬೇಕಾದವರು ಮೇಲಿನ ಮಹಡಿಯಲ್ಲಿ ಕೂತಿರುತ್ತಾರೆ.

ಮೇ 12ಕ್ಕೆ, ನರ್ಸ್‌ಗಳ ದಿನಕ್ಕೆ ಮಾತ್ರ ಅವರೇ ಕೆಳಗಿಳಿದು ಬರುತ್ತಾರೆ. ಗುಲಾಬಿ, ಕೇಕು, ‘ನೀವು ದೇವತೆಗಳು’ ಎಂಬ ಭಾಷಣ. ದೇವತೆಗಳಿಗೆ ಬೆನ್ನುಮೂಳೆಯ ಡಿಸ್ಕ್ ಇರುವುದಿಲ್ಲ, ಓವರ್‌ಟೈಮ್ ಕೇಳುವ ಅಭ್ಯಾಸವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ನೇ ಇಸವಿಯನ್ನು ಇಡಿಯಾಗಿ ನರ್ಸ್ ಮತ್ತು ಸೂಲಗಿತ್ತಿಯರ ವರ್ಷ ಎಂದು ಸಾರಿತ್ತು. ಆ ವರ್ಷ ಅವರಿಗೆ ಕೂರಲು ಎಷ್ಟು ಪುರುಸೊತ್ತು ಸಿಕ್ಕಿತು ಅಂತ ಎಲ್ಲರಿಗೂ ಗೊತ್ತು.

ಕೊನೆಗೊಂದು ದಿನ ಸಿಸ್ಟರ್ ತನ್ನ ಆಸ್ಪತ್ರೆಯಲ್ಲೇ ಚೀಟಿ ಮಾಡಿಸಿ ಡಾಕ್ಟರಿಗೆ ಬೆನ್ನು ತೋರಿಸುತ್ತಾರೆ. ಬಗ್ಗಬೇಡಿ, ಭಾರ ಎತ್ತಬೇಡಿ, ವಿಶ್ರಾಂತಿ ತಗೊಳ್ಳಿ ಅಂತ ಬರೆದುಕೊಡುತ್ತಾರೆ. ಚೀಟಿ ಆಫೀಸಿಗೆ ಹೋಗುತ್ತದೆ. ರಜೆ ಮಂಜೂರು, ಬದಲಿ ಆಳನ್ನು ನೀವೇ ಹುಡುಕಿಕೊಡಿ ಎಂಬ ಷರಾ ಹೊತ್ತು ವಾಪಸ್ ಬರುತ್ತದೆ. ಬದಲಿಗೆ ಸಿಗುವವರು ಯಾರು? ಪಕ್ಕದ ವಾರ್ಡಿನ ಸಿಸ್ಟರ್. ಅವರೂ ಹೋದ ವಾರವೇ ಚೀಟಿ ಮಾಡಿಸಿದ್ದಾರೆ.