ನಮ್ಮ ತೆರಿಗೆ ದುಡ್ಡು, ಅವರ ಹಲ್ಲುನೋವು

2023ರ ಡಿಸೆಂಬರ್ 1ರಂದು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ ಮೆಡಿಕೇಡ್ ವಿಸ್ತರಣೆ ಜಾರಿಗೆ ಬಂತು. ನಾನು ತಿಪಟೂರು ಕಡೆಯವನು. ಹದಿನಾಲ್ಕು ವರ್ಷದಿಂದ ಇಲ್ಲಿ ರಾಲಿ ಹತ್ತಿರ ಇದ್ದೇನೆ. ಮೆಡಿಕೇಡ್ ವಿಸ್ತರಣೆ ಅಂದರೆ ಕೈಯಲ್ಲಿ ಜಾಸ್ತಿ ಸಂಬಳ ಇಲ್ಲದ, ಇನ್ಶೂರೆನ್ಸ್ ಇಲ್ಲದ ದುಡಿಯುವ ಜನಕ್ಕೆ ಸರ್ಕಾರದ ಖರ್ಚಿನಲ್ಲಿ ಆಸ್ಪತ್ರೆ ಸಿಗುವ ವ್ಯವಸ್ಥೆ. ನನಗೆ ಖುಷಿಯಾಯಿತು. ಅದೇ ವಾರ ನಮ್ಮ ಬಡಾವಣೆಯ ಫೇಸ್‌ಬುಕ್ ಗುಂಪಿನಲ್ಲಿ ಜಗಳ ಹತ್ತಿಕೊಂಡಿತು.

ಕಳೆದುಹೋದ ಬೆಕ್ಕಿನ ಫೋಟೋ, ಮಾರಾಟಕ್ಕಿರುವ ಸೋಫಾ, ಕಸದ ಗಾಡಿ ಬರುವ ದಿನ, ಇಂಥದ್ದಕ್ಕೆ ಇರುವ ಗುಂಪು ಅದು. ಯಾರೋ ಒಬ್ಬರು ಮೆಡಿಕೇಡ್‌ಗೆ ಅರ್ಜಿ ಹಾಕುವುದು ಹೇಗೆ ಅಂತ ಕೇಳಿದರು, ಅಷ್ಟೇ. ನಾಲ್ಕನೇ ಉತ್ತರದಲ್ಲಿ 'ನನ್ನ ತೆರಿಗೆ ದುಡ್ಡಲ್ಲಿ' ಅನ್ನುವ ಮಾತು ಬಂತು. ಹತ್ತನೆಯದರಲ್ಲಿ 'ನಿಮ್ಮಂಥವರು' ಬಂತು. ಆಮೇಲೆ 'ಆ ಜನ' ಬಂತು. ಯಾವ ಜನ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತೆ. ಅಷ್ಟರಲ್ಲಿ ಇನ್ನೊಂದು ಕಡೆಯವರು 'ನೀವೆಲ್ಲ ಜನಾಂಗದ್ವೇಷಿಗಳು' ಅಂದರು. ಅಲ್ಲಿಗೆ ಅರ್ಜಿಯ ವಿಷಯ ಮುಗಿದೇ ಹೋಯಿತು. ಪ್ರಶ್ನೆ ಕೇಳಿದ ಹೆಣ್ಣುಮಗಳಿಗೆ ಒಂದೇ ಒಂದು ಉತ್ತರವೂ ಸಿಗಲಿಲ್ಲ.

ಆ ಹೆಸರುಗಳ ನಡುವೆ ಒಂದು ಹೆಸರು ನೋಡಿ ನನ್ನ ಕೈ ನಿಂತುಬಿಟ್ಟಿತು. ಅದು ನಮ್ಮಿಂದ ಎರಡು ಮನೆ ಆಚೆಗಿರುವ ಯಜಮಾನರದ್ದು.

ಯಜಮಾನರು ಅನ್ನುವುದು ಅಮ್ಮ ಇಟ್ಟ ಹೆಸರು. ಹಿಂದಿನ ವರ್ಷದ ಚಳಿಗಾಲದಲ್ಲಿ ಅಮ್ಮ ಇಲ್ಲಿಗೆ ಬಂದಿದ್ದರು. ಒಂದು ಬೆಳಿಗ್ಗೆ ಮನೆ ಮುಂದಿನ ಐಸ್ ಮೇಲೆ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ನಾನು ಬೇರೆ ಊರಿನಲ್ಲಿದ್ದೆ. ಹೆಂಡತಿಗೆ ಐಸ್ ಮೇಲೆ ಗಾಡಿ ಓಡಿಸಿ ಅಭ್ಯಾಸ ಇಲ್ಲ, ಮನೆಯಲ್ಲಿ ಚಿಕ್ಕ ಮಗಳು. ಈ ಮನುಷ್ಯ ಕಿಟಕಿಯಿಂದ ನೋಡಿ ಓಡಿ ಬಂದರು. ಅಮ್ಮನನ್ನ ತಮ್ಮ ಪಿಕಪ್‌ನಲ್ಲಿ ಕೂರಿಸಿಕೊಂಡು ಎಮರ್ಜೆನ್ಸಿಗೆ ಹೋದರು. ನಾಲ್ಕು ತಾಸು ಪಕ್ಕದಲ್ಲೇ ಕೂತಿದ್ದರು. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ಅವರಿಗೆ ಕನ್ನಡ ಬರಲ್ಲ. ತಮ್ಮ ಉಣ್ಣೆ ಟೋಪಿ ತೆಗೆದು ಅಮ್ಮನ ತಲೆಗೆ ಹಾಕಿದ್ದರು. ಆ ಟೋಪಿ ಈಗಲೂ ತಿಪಟೂರಿನ ಮನೆಯ ಮೊಳೆಗೆ ನೇತಾಡುತ್ತಿದೆ.

ಅದೇ ಮನುಷ್ಯ ಬರೆದಿದ್ದ ಮಾತನ್ನ ಕನ್ನಡಕ್ಕೆ ತಂದರೆ ಇಷ್ಟೇ: ಬಿಟ್ಟಿ ತಿನ್ನುವವರು.

ಬಿಟ್ಟಿ ಅನ್ನುವ ಪದ ನನಗೆ ಹೊಸದಲ್ಲ. ಅದೇ 2023ರ ಜೂನ್‌ನಲ್ಲಿ ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಗಿತ್ತು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಆಗಿದ್ದೂ ಇದೇ ಜಗಳ. ಚಿಕ್ಕಪ್ಪ 'ನಮ್ಮ ತೆರಿಗೆ ದುಡ್ಡು, ಬಿಟ್ಟಿ ಭಾಗ್ಯ' ಅಂತ ಬರೆದರು. ಅತ್ತೆಯ ಮಗ 'ನೀವು ಯಾವ ಪಕ್ಷದ ಭಕ್ತರು ಅಂತ ಗೊತ್ತು' ಅಂದ. ಚಿಕ್ಕಪ್ಪ ಗುಂಪು ಬಿಟ್ಟು ಹೋದರು. ಮೂರು ತಿಂಗಳಾದ ಮೇಲೆ ಗೌರಿ ಹಬ್ಬ ಬಂತು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಚಿಕ್ಕಪ್ಪನೇ ಬಡಿಸುವವರನ್ನ ಕರೆದು 'ಲೇ, ಅವನಿಗೆ ಇನ್ನೊಂದು ಹೋಳಿಗೆ ಹಾಕ್ರೋ' ಅಂದರಂತೆ. ಜಗಳ ಬಗೆಹರಿದಿರಲಿಲ್ಲ. ಆದರೆ ಮಾತು ಮತ್ತೆ ಶುರುವಾಯಿತು.

ಊರಿನ ದಾರಿ ಯಾವಾಗಲೂ ಇಷ್ಟು ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಪಂಚಾಯ್ತಿ ಎಲೆಕ್ಷನ್ ಆದಮೇಲೆ ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರನ್ನ ನಾನೇ ನೋಡಿದ್ದೇನೆ. ಆದರೂ ಅಲ್ಲಿ ಜಗಳವಾಡಿದವನ ಮುಖ ಬೆಳಗಾದರೆ ನೋಡಲೇಬೇಕು. ಅವನ ಹೊಲದ ದಾರಿಯಲ್ಲೇ ನಮ್ಮ ಗಾಡಿ ಹೋಗಬೇಕು. ಅವರ ಮನೆಯ ಪಾತ್ರೆ ನಮ್ಮ ಮನೆಯಲ್ಲಿರುತ್ತೆ, ನಮ್ಮದು ಅವರಲ್ಲಿರುತ್ತೆ. ಆ ಪಾತ್ರೆ ಖಾಲಿ ವಾಪಸ್ ಹೋಗಬಾರದು. ಈ ಒಂದು ಕಾರಣಕ್ಕೇ ಎಷ್ಟೋ ಸಲ ನಾಲಿಗೆ ಹಿಡಿತಕ್ಕೆ ಬರುತ್ತೆ. ಇಲ್ಲಿ ನಮ್ಮ ಬೀದಿಯಲ್ಲಿ ಯಾರಿಗೂ ಯಾರ ಪಾತ್ರೆಯೂ ಬೇಕಾಗಿಲ್ಲ.

ಅಮೆರಿಕದಲ್ಲಿ ಆಸ್ಪತ್ರೆಯ ಮಾತು ಎತ್ತಿದರೆ ಯಾಕೆ ಇಷ್ಟು ಸಿಟ್ಟು ಬರುತ್ತೆ? ಊರಿನಿಂದ ಫೋನ್ ಮಾಡುವವರು ಕೇಳುತ್ತಾರೆ. ಇಲ್ಲಿ ದುಡಿಯುವ ವಯಸ್ಸಿನ ಹೆಚ್ಚಿನ ಜನರಿಗೆ ಇನ್ಶೂರೆನ್ಸ್ ಬರುವುದು ಕೆಲಸದ ಜೊತೆಗೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸರ್ಕಾರ ಸಂಬಳ ಏರಿಸದಂತೆ ಕಟ್ಟಿಹಾಕಿತ್ತು. ಆಗ ಕಂಪನಿಗಳು ಸಂಬಳದ ಬದಲು ಇನ್ಶೂರೆನ್ಸ್ ಕೊಟ್ಟು ಜನರನ್ನ ಸೆಳೆದವು. ಆಮೇಲೆ ಅದೇ ಪದ್ಧತಿಯಾಗಿ ನಿಂತಿತು. ಕೆಲಸ ಹೋದರೆ ಡಾಕ್ಟರೂ ಹೋದ ಹಾಗೆ. 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್, ಎರಡೂ ಬಂದದ್ದು 1965ರಲ್ಲಿ. ನಡುವೆ ಸಿಕ್ಕಿಹಾಕಿಕೊಂಡವರು ಕೋಟಿಗಟ್ಟಲೆ. 2010ರಲ್ಲಿ ಒಬಾಮ ಸಹಿ ಹಾಕಿದ ಕಾನೂನು ಆ ಜನಕ್ಕೆ ಮೆಡಿಕೇಡ್ ಬಾಗಿಲು ತೆರೆಯಿತು. 2012ರಲ್ಲಿ ಸುಪ್ರೀಂ ಕೋರ್ಟು, ಬಾಗಿಲು ತೆರೆಯುವುದು ಬಿಡುವುದು ಆಯಾ ರಾಜ್ಯದ ಇಷ್ಟ ಅಂದಿತು. ಖರ್ಚಿನಲ್ಲಿ ನೂರಕ್ಕೆ ತೊಂಬತ್ತು ಭಾಗ ಕೇಂದ್ರದ್ದೇ. ಆದರೂ ನಮ್ಮ ರಾಜ್ಯ ಹತ್ತು ವರ್ಷ ಬೇಡ ಅಂತ ಕೂತಿತ್ತು.

ಆ ಹತ್ತು ವರ್ಷದಲ್ಲಿ ನಡೆದ ಒಂದು ಘಟನೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಈ ರಾಜ್ಯದ ಪೂರ್ವದ ಅಂಚಿನಲ್ಲಿ, ನೀರಿನ ದಂಡೆಯ ಮೇಲೆ ಬೆಲ್‌ಹೇವನ್ ಅನ್ನುವ ಪುಟ್ಟ ಊರಿದೆ. 2014ರ ಜುಲೈನಲ್ಲಿ ಅಲ್ಲಿನ ಆಸ್ಪತ್ರೆ ಮುಚ್ಚಿತು. ಹತ್ತಿರದ ಇನ್ನೊಂದು ಆಸ್ಪತ್ರೆ ಸುಮಾರು 30 ಮೈಲಿ ದೂರ. ಊರಿನ ಆಗಿನ ಮೇಯರ್ ಆಡಮ್ ಓನೀಲ್ ಬಿಳಿಯರು, ರಿಪಬ್ಲಿಕನ್ ಪಕ್ಷದವರು. ಅವರ ಪಕ್ಷವೇ ಮೆಡಿಕೇಡ್ ವಿಸ್ತರಣೆ ಬೇಡ ಅಂದದ್ದು. ಆ ಮನುಷ್ಯ ಬೂಟು ಕಟ್ಟಿಕೊಂಡು ವಾಷಿಂಗ್ಟನ್ ಡಿ.ಸಿ.ವರೆಗೆ 270 ಮೈಲಿಗೂ ಜಾಸ್ತಿ ನಡೆದೇ ಹೋದರು. ಅವರ ಬೆನ್ನಿಗೆ ನಿಂತದ್ದು ರೆವರೆಂಡ್ ವಿಲಿಯಂ ಬಾರ್ಬರ್. ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿಯ ರಾಜ್ಯ ಅಧ್ಯಕ್ಷರು ಆಗ ಅವರು. ಫೋನಿನ ಪರದೆ ಮೇಲಾದರೆ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳಬೇಕಾದವರು. ಆದರೆ ಎದೆನೋವು ಬಂದರೆ ಆಂಬುಲೆನ್ಸ್ ಎಷ್ಟು ದೂರ ಓಡಬೇಕು ಅನ್ನುವ ಲೆಕ್ಕ ಇಬ್ಬರಿಗೂ ಒಂದೇ ಆಗಿತ್ತು.

ಆ ಆಸ್ಪತ್ರೆ ಮತ್ತೆ ತೆರೆಯಲಿಲ್ಲ. ಆದರೆ 2023ರಲ್ಲಿ ರಿಪಬ್ಲಿಕನ್ನರೇ ಹೆಚ್ಚಿರುವ ಇಲ್ಲಿನ ಶಾಸನಸಭೆ ಮೆಡಿಕೇಡ್ ವಿಸ್ತರಣೆಯ ಮಸೂದೆ ಪಾಸು ಮಾಡಿತು. ಡೆಮಾಕ್ರಟ್ ಗವರ್ನರ್ ರಾಯ್ ಕೂಪರ್ ಸಹಿ ಹಾಕಿದರು. ಸುಮಾರು ಒಂದು ವರ್ಷದಲ್ಲಿ 6 ಲಕ್ಷದಷ್ಟು ಜನ ಹೆಸರು ಬರೆಸಿದರು. ಎರಡು ಪಕ್ಷ ಕೂತು ಮಾತಾಡಿದರೆ ಇದು ಆಗುತ್ತೆ. ಅದನ್ನು ನಮ್ಮ ಬಡಾವಣೆಯ ಆ ಜಗಳದಲ್ಲಿ ಒಬ್ಬರೂ ಹೇಳಲಿಲ್ಲ.

ಬಣ್ಣಕ್ಕೂ ಆಸ್ಪತ್ರೆಗೂ ಏನು ಸಂಬಂಧ ಅಂತ ಮೊದಲು ನನಗೂ ಅನ್ನಿಸುತ್ತಿತ್ತು. ಗ್ರೀನ್ಸ್‌ಬರೋಗೆ ಹೋದಮೇಲೆ ತಿಳಿಯಿತು. ರಾಲಿಯಿಂದ ಒಂದೂವರೆ ಗಂಟೆ ದಾರಿ. 1960ರಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಅಂತಿದ್ದ ಊಟದ ಕೌಂಟರಿನಲ್ಲಿ ಕೂತು ಏಳಲ್ಲ ಅಂದ ಊರು. ಅದೇ ಊರಿನಲ್ಲಿ ಜಾರ್ಜ್ ಸಿಮ್ಕಿನ್ಸ್ ಅನ್ನುವ ಕಪ್ಪು ದಂತವೈದ್ಯರಿದ್ದರು. ಅವರ ಹತ್ತಿರ ಹಲ್ಲು ಕೀವಾಗಿ ಜ್ವರ ಬಂದ ಒಬ್ಬ ವಿದ್ಯಾರ್ಥಿ ಬಂದ. ಆಸ್ಪತ್ರೆಗೆ ಸೇರಿಸಲೇಬೇಕಿತ್ತು. ಕಪ್ಪು ಜನರ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರಲಿಲ್ಲ. ಬಿಳಿಯರ ಆಸ್ಪತ್ರೆಗಳು ಸೇರಿಸಿಕೊಳ್ಳಲಿಲ್ಲ. ಆ ಆಸ್ಪತ್ರೆಗಳನ್ನ ಕಟ್ಟುವುದಕ್ಕೆ ಕೇಂದ್ರ ಸರ್ಕಾರ ದುಡ್ಡು ಕೊಟ್ಟಿತ್ತು. ಕಪ್ಪು ಜನರನ್ನೂ ಬಿಳಿಯರನ್ನೂ ಬೇರೆ ಬೇರೆ ಇಟ್ಟರೂ ಪರವಾಗಿಲ್ಲ ಅಂತ 1946ರ ಕಾನೂನಿನಲ್ಲೇ ಬರೆದಿತ್ತು. ಅಂದರೆ ಆ ಹುಡುಗನ ಅಪ್ಪ ಅಮ್ಮ ಕಟ್ಟಿದ ತೆರಿಗೆಯೂ ಆ ಗೋಡೆಯಲ್ಲಿತ್ತು. ಒಳಗೆ ಹೋಗುವ ಹಾಗೆ ಮಾತ್ರ ಇರಲಿಲ್ಲ.

'ನನ್ನ ತೆರಿಗೆ ದುಡ್ಡು' ಅಂತ ಯಾರಾದರೂ ಬರೆದಾಗಲೆಲ್ಲ ನನಗೆ ಆ ಹುಡುಗನ ಹಲ್ಲು ನೆನಪಾಗುತ್ತೆ.

ಸಿಮ್ಕಿನ್ಸ್ ಮತ್ತು ಜೊತೆಯ ಡಾಕ್ಟರುಗಳು 1962ರಲ್ಲಿ ಕೇಸು ಹಾಕಿದರು. 1963ರಲ್ಲಿ ಮೇಲಿನ ಕೋರ್ಟಿನಲ್ಲಿ ಗೆದ್ದರು. ಮೆಡಿಕೇರ್ ಬಂದಾಗ ಸರ್ಕಾರ ಒಂದು ಷರತ್ತು ಇಟ್ಟಿತು, ಬಣ್ಣ ನೋಡಿ ರೋಗಿಗಳನ್ನ ಬೇರೆ ಮಾಡುವ ಆಸ್ಪತ್ರೆಗೆ ದುಡ್ಡಿಲ್ಲ ಅಂತ. ಕೆಲವೇ ತಿಂಗಳಲ್ಲಿ ಸುಮಾರು ಸಾವಿರ ಆಸ್ಪತ್ರೆಗಳು ತಮ್ಮ ಬೇರೆ ಬೇರೆ ವಾರ್ಡುಗಳನ್ನ ಕೈಬಿಟ್ಟವು. ಇದೆಲ್ಲ ಮೊನ್ನೆ ಮೊನ್ನೆಯ ಮಾತು. ನಮ್ಮ ಯಜಮಾನರು ಆಗ ಸ್ಕೂಲಿಗೆ ಹೋಗುತ್ತಿದ್ದ ಹುಡುಗ.

ಇಲ್ಲಿನ ಪಕ್ಷಗಳ ದ್ವೇಷ ನೋಡುವಾಗ ನನಗೆ ಅನ್ನಿಸುವುದು ಒಂದೇ. ಪಕ್ಷ ಇಲ್ಲಿ ಜಾತಿ ಆಗುತ್ತಿದೆ. ಇದು ಸುಮ್ನೆ ಹೇಳುತ್ತಿರುವ ಮಾತಲ್ಲ. ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನ ಮದುವೆಯಾದರೆ ಬೇಜಾರಾಗುತ್ತಾ ಅಂತ 1960ರಲ್ಲಿ ಇಲ್ಲಿನ ಜನರನ್ನ ಕೇಳಿದ್ದರು. ಹೌದು ಅಂದವರು ನೂರಕ್ಕೆ ಐದು ಜನ. 2010ರಲ್ಲಿ ಮತ್ತೆ ಕೇಳಿದಾಗ ರಿಪಬ್ಲಿಕನ್ನರಲ್ಲಿ ಹೆಚ್ಚುಕಡಿಮೆ ಅರ್ಧ, ಡೆಮಾಕ್ರಟರಲ್ಲಿ ಮೂರನೇ ಒಂದು ಭಾಗ ಜನ ಹೌದು ಅಂದರು. ಮದುವೆಯ ಮಾತಿನಲ್ಲಿ ಅಡ್ಡ ಬಂತು ಅಂದರೆ ಅದು ಬರೀ ವೋಟಿನ ವಿಷಯ ಅಲ್ಲ. ನಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು?

ಜಗಳ ಕಾಯುವುದರಿಂದ ದುಡ್ಡೂ ಹುಟ್ಟುತ್ತೆ. 2009ರ ಸೆಪ್ಟೆಂಬರ್‌ನಲ್ಲಿ ಒಬಾಮ ಸಂಸತ್ತಿನಲ್ಲಿ ಆರೋಗ್ಯದ ಬಗ್ಗೆಯೇ ಭಾಷಣ ಮಾಡುತ್ತಿದ್ದಾಗ ಜೋ ವಿಲ್ಸನ್ ಅನ್ನುವ ಸದಸ್ಯ 'ನೀವು ಸುಳ್ಳು ಹೇಳ್ತಿದ್ದೀರಿ' ಅಂತ ಕೂಗಿದರು. ಕೆಲವೇ ದಿನಗಳಲ್ಲಿ ಅವರಿಗೆ ಹತ್ತು ಲಕ್ಷ ಡಾಲರಿಗೂ ಜಾಸ್ತಿ ಚಂದಾ ಬಂತು. ಚುನಾವಣೆಯಲ್ಲಿ ಅವರ ಎದುರಾಳಿಗೂ ಹೆಚ್ಚುಕಡಿಮೆ ಅಷ್ಟೇ ದುಡ್ಡು ಬಂತು. ಆ ಕೂಗಿನಿಂದ ಒಬ್ಬ ರೋಗಿಗೂ ಒಂದು ಮಾತ್ರೆ ಸಿಗಲಿಲ್ಲ.

ಆದರೆ ಒಂದು ವಿಷಯದಲ್ಲಿ ಅಮೆರಿಕದವರ ದಾರಿಯೇ ನಮ್ಮದಕ್ಕಿಂತ ಮೇಲು ಅಂತ ನನಗೆ ಅನ್ನಿಸುತ್ತೆ. ಇವರು ಬಣ್ಣದ ಬಗ್ಗೆ ಜೋರಾಗಿ ಮಾತಾಡುತ್ತಾರೆ. ಕಿರುಚುತ್ತಾರೆ, ತಪ್ಪು ಹೇಳುತ್ತಾರೆ, ಆದರೆ ಮಾತು ಹೊರಗಿರುತ್ತೆ. ಸಿಮ್ಕಿನ್ಸ್ ಕೇಸು ಹಾಕಿದ್ದ ಗ್ರೀನ್ಸ್‌ಬರೋದ ಕೋನ್ ಆಸ್ಪತ್ರೆ 2016ರಲ್ಲಿ, ಆ ಕೇಸು ಹಾಕಿದವರಲ್ಲಿ ಬದುಕಿದ್ದ ಕೊನೆಯ ಡಾಕ್ಟರ್ ಆಲ್ವಿನ್ ಬ್ಲೌಂಟ್ ಅವರ ಹತ್ತಿರ ಕ್ಷಮೆ ಕೇಳಿತು. ನಾವು? ಜಾತಿಯ ಮಾತು ಬಂದರೆ 'ಈಗೆಲ್ಲಿ ಜಾತಿ ಬಿಡಿ' ಅಂತೇವೆ. ಪಂಕ್ತಿಯಲ್ಲಿ ಹೋಳಿಗೆ ಬಡಿಸುವ ಸುಖ ಹೇಳಿದೆನಲ್ಲ, ಆ ಪಂಕ್ತಿಯಲ್ಲಿ ಕೂತವರೆಲ್ಲ ಒಂದೇ ಜಾತಿಯವರು. ನಮ್ಮ ತೋಟದಲ್ಲಿ ಕಾಯಿ ಕೀಳುವವರು ಆ ದಿನ ಹಿತ್ತಲಿನಲ್ಲಿ ಎಲೆ ಹಾಕಿಕೊಂಡು ಉಂಡರು. ಅದರ ಬಗ್ಗೆ ನಮ್ಮ ಗುಂಪಿನಲ್ಲಿ ಯಾರೂ ಜಗಳವಾಡಲಿಲ್ಲ. ಜಗಳವೇ ಇಲ್ಲದ ಆ ಮೌನ ನನಗೆ ಈಗ ಜಾಸ್ತಿ ಚುಚ್ಚುತ್ತೆ.

ಇಲ್ಲಿಗೆ ಬಂದ ನಾವೂ ಅದೇ ಮೌನ ಹೊತ್ತು ತಂದಿದ್ದೇವೆ. ಕನ್ನಡ ಕೂಟದ ಊಟದ ಮೇಜಿನಲ್ಲಿ 'ಆ ಏರಿಯಾದಲ್ಲಿ ಮನೆ ತಗೋಬೇಡಿ, ಕರಿಯರು ಜಾಸ್ತಿ' ಅನ್ನುವ ಮಾತು ನಾನು ಎಷ್ಟೋ ಸಲ ಕೇಳಿದ್ದೇನೆ. ನಾನೂ ತಲೆಯಾಡಿಸಿದ್ದೇನೆ. ಇಲ್ಲಿನ 1917ರ ವಲಸೆ ಕಾನೂನು ನಮ್ಮಂಥವರಿಗೆ ಬಾಗಿಲು ಹಾಕಿತ್ತು. 1946ರ ನಂತರವೂ ಇಡೀ ಭಾರತಕ್ಕೆ ವರ್ಷಕ್ಕೆ ನೂರು ಜನ ಅಂತ ಲೆಕ್ಕ. ಆ ಬಾಗಿಲು ಸರಿಯಾಗಿ ತೆರೆದದ್ದು 1965ರಲ್ಲಿ. ಕಪ್ಪು ಜನ ಬೀದಿಗೆ ಇಳಿದು, ಪೊಲೀಸರ ಏಟು ತಿಂದು, ದೇಶದ ಮನಸ್ಸನ್ನ ಅಲ್ಲಾಡಿಸಿದ ಅದೇ ವರ್ಷಗಳಲ್ಲಿ. ನನ್ನ ವೀಸಾದ ಹಿಂದೆ ಅವರ ಬೆವರಿದೆ. ಇದನ್ನ ಹನ್ನೊಂದು ವರ್ಷದ ಮಗಳಿಗೆ ಹೇಳಿದಾಗ ಅವಳು 'ಹಾಗಾದ್ರೆ ಅವರನ್ನ ಹಾಗೆ ಯಾಕೆ ಕರೀತೀರ ಅಪ್ಪಾ?' ಅಂದಳು. ಆ ಪದ ನಮ್ಮ ಮನೆಯಲ್ಲಿ ನಿಂತಿತು. ಬೇರೆಯವರ ಮನೆಯಲ್ಲೂ ನಾನೀಗ ತಲೆಯಾಡಿಸುವುದಿಲ್ಲ. ಒಂದಿಬ್ಬರು ನಮ್ಮನ್ನ ಕರೆಯುವುದು ಕಮ್ಮಿ ಮಾಡಿದ್ದಾರೆ. ಪರವಾಗಿಲ್ಲ.

ಆ ರಾತ್ರಿ ಫೇಸ್‌ಬುಕ್‌ನಲ್ಲಿ ಯಜಮಾನರಿಗೆ ಒಂದು ಉದ್ದ ಉತ್ತರ ಬರೆದೆ. ಸಿಮ್ಕಿನ್ಸ್ ಕಥೆ, ಅಂಕಿಅಂಶ, ಎಲ್ಲ ಹಾಕಿದೆ. ಕಳಿಸುವ ಮೊದಲು ಅಮ್ಮನ ತಲೆ ಮೇಲಿದ್ದ ಟೋಪಿ ನೆನಪಾಯಿತು. ಅಳಿಸಿದೆ. ಭಾನುವಾರ ಅಮ್ಮ ಕಳಿಸಿದ್ದ ಕೋಡುಬಳೆಯನ್ನ ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಅವರ ಮನೆಗೆ ಹೋದೆ.

ಬರೆದದ್ದು ಓದಿದೆ, ಬೇಜಾರಾಯಿತು ಅಂತ ನೇರವಾಗಿಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಶುರು ಮಾಡಿದರು. ಮೂವತ್ತೊಂದು ವರ್ಷ ಪೀಠೋಪಕರಣದ ಕಾರ್ಖಾನೆಯಲ್ಲಿ ದುಡಿದದ್ದು, ಪ್ರತಿ ಸಂಬಳದಲ್ಲೂ ಪ್ರೀಮಿಯಂ ಕತ್ತರಿಸಿದ್ದು, ಕಾರ್ಖಾನೆ ಮುಚ್ಚಿದ್ದು. ಅದಾದ ವರ್ಷವೇ ಹೆಂಡತಿಗೆ ಕ್ಯಾನ್ಸರ್. ಬಿಲ್ ತೀರಿಸಲು ಅಪ್ಪ ಬಿಟ್ಟುಹೋದ ಜಮೀನು ಮಾರಿದ್ದು. 'ಆಗ ನನಗೆ ಯಾರೂ ಏನೂ ಕೊಡಲಿಲ್ಲ' ಅಂದರು. ಕಣ್ಣು ತುಂಬಿತ್ತು. ನಿಮಗೂ ಆಗ ಸಿಗಬೇಕಾಗಿತ್ತು, ಸಿಗದೇ ಹೋದದ್ದು ತಪ್ಪು ಅಂದೆ. ನನ್ನ ಅಮ್ಮ ಈ ದೇಶದವಳೂ ಅಲ್ಲ, ಅವಳಿಗೋಸ್ಕರ ನಾಲ್ಕು ತಾಸು ಯಾಕೆ ಕೂತಿರಿ ಅಂತ ಕೇಳಿದೆ.

'ನಿಮ್ಮಮ್ಮ ಬೇರೆ' ಅಂದರು.

ಈ ಮಾತನ್ನ ನಾನು ಊರಿನಲ್ಲೂ ಕೇಳಿ ಬೆಳೆದವನು. ತೋಟದ ಆಳಿನ ಮಗನ ಬಗ್ಗೆ ಅಪ್ಪ ಇದನ್ನೇ ಹೇಳುತ್ತಿದ್ದರು. ಅವನು ಬೇರೆ, ಅವನು ನಮ್ಮ ಹುಡುಗ ಅಂತ.

'ಹೇಗೆ ಬೇರೆ?' ಅಂತ ಕೇಳಿದೆ. ಅವರು ಡಬ್ಬಿಯ ಮುಚ್ಚಳ ತೆಗೆದು ನೋಡಿದರು, ಮುಚ್ಚಿದರು. ಅಮ್ಮನ ಕೈ ಈಗ ಹೇಗಿದೆ ಅಂತ ಕೇಳಿದರು. ಮಳೆಗಾಲದಲ್ಲಿ ಸ್ವಲ್ಪ ನೋಯುತ್ತೆ ಅಂದೆ. ಬಾಗಿಲ ತನಕ ಬಂದು, ನೀವು ಕೇಳಿದ್ದಕ್ಕೆ ನನ್ನ ಹತ್ತಿರ ಇವತ್ತು ಉತ್ತರ ಇಲ್ಲ ಅಂದರು.

ಡಬ್ಬಿ ಇನ್ನೂ ಅವರ ಮನೆಯಲ್ಲೇ ಇದೆ.