ಮಾತಾಡಿಸಿದ ಟೈಮು ಯಾರ ಲೆಕ್ಕಕ್ಕೆ?

ಹುಬ್ಬಳ್ಳಿಯಲ್ಲಿ ಓಡುವವನನ್ನು ಕಂಡರೆ ಜನಕ್ಕೆ ಎರಡೇ ಅನುಮಾನ. ಒಂದೋ ಬಸ್ ತಪ್ಪಿದೆ, ಇಲ್ಲವೇ ಹಿಂದೆ ನಾಯಿ ಬಿದ್ದಿದೆ. ಮೂರನೆಯ ಕಾರಣ ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಅದರಲ್ಲೂ ನೃಪತುಂಗ ಬೆಟ್ಟದ ಏರಿನಲ್ಲಿ, ಬೆಳಬೆಳಗ್ಗೆ, ನಲವತ್ತು ದಾಟಿದವನೊಬ್ಬ ಮುಖ ಕೆಂಪಗೆ ಮಾಡಿಕೊಂಡು ಓಡುತ್ತಿದ್ದರೆ ಅವನನ್ನು ವಿಚಾರಿಸದೆ ಬಿಡುವುದು ನಮ್ಮ ಊರಿನ ರೀತಿಯಲ್ಲ.

ನನ್ನ ಗುರಿ ಸಣ್ಣದು. ಕೆಳಗಿನ ಗೇಟಿನಿಂದ ಬೆಟ್ಟದ ನೆತ್ತಿಯನ್ನು 8 ನಿಮಿಷದೊಳಗೆ ಮುಟ್ಟಬೇಕು. ಯಾರ ಜೊತೆಗೂ ಪಂದ್ಯ ಇಲ್ಲ, ಬಹುಮಾನವೂ ಇಲ್ಲ. ಸ್ಪೇನಿನ ಕಿಲಿಯನ್ ಜೋರ್ನೆಟ್ ಅನ್ನುವ ಬೆಟ್ಟದ ಓಟಗಾರ 2013ರಲ್ಲಿ 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಪರ್ವತವನ್ನು ಹತ್ತಿ, ಇಳಿದು, 2 ತಾಸು 52 ನಿಮಿಷದಲ್ಲಿ ಹೊರಟ ಊರಿಗೇ ವಾಪಸ್ ಬಂದಿದ್ದ. ಹಿಮ, ಬಂಡೆ, ಪ್ರಪಾತ ಎಲ್ಲ ಇರುವ ದಾರಿ. ಒಪ್ಪುತ್ತೇನೆ. ಆದರೆ ಅವನ ಅಪ್ಪನ ಜೊತೆ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದ ಕಾಕಾ ಅಲ್ಲಿ ಎದುರಿಗೆ ಸಿಕ್ಕಿರಲಿಲ್ಲ.

ನನಗೆ ಸಿಗುತ್ತಾರೆ. ಮೊದಲ ತಿರುವಿನಲ್ಲೇ. ತಲೆಗೆ ಮಂಕಿ ಟೋಪಿ, ಕೈಯಲ್ಲಿ ಬಡಿಗೆ.

"ಏ ತಮ್ಮಾ, ನಿಂದರ! ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?"

"ಆರಾಮ್ರೀ ಕಾಕಾ."

"ಮತ್ಯಾಕ ಓಡಾಕತ್ತಿ?"

ಓಡುತ್ತಲೇ ಉತ್ತರ ಕೊಟ್ಟು ಮುಂದೆ ಹೋಗಬಹುದಲ್ವಾ ಅಂತ ನಿಮಗೆ ಅನ್ನಿಸಬಹುದು. ಹೋದರೆ ಸಂಜೆಯೊಳಗೆ ಅವ್ವನಿಗೆ ಫೋನು ಬರುತ್ತದೆ. "ನಿಮ್ಮ ಹುಡುಗ ಭಾಳ ದೊಡ್ಡಾಂವ ಆಗ್ಯಾನ ಬಿಡ್ರಿ. ಮಾತಾಡ್ಸಿದ್ರ ನಿಂದರಂಗಿಲ್ಲ." ಆಮೇಲೆ ಅವ್ವ ನನ್ನ ಜೊತೆ ಮಾತಾಡುವುದನ್ನೇ ಬಿಡುತ್ತಾಳೆ. ಅದಕ್ಕಿಂತ ಅರ್ಧ ನಿಮಿಷ ನಿಲ್ಲುವುದೇ ವಾಸಿ. ಅರ್ಧ ನಿಮಿಷ ಅನ್ನುವುದು ನನ್ನ ಅಂದಾಜು. ಕಾಕಾನ ಅಂದಾಜು ಬೇರೆ.

ವ್ಯಾಯಾಮದ ತಜ್ಞರು ಹೇಳುವ ಒಂದು ಸರಳ ಪರೀಕ್ಷೆ ಇದೆ, ಟಾಕ್ ಟೆಸ್ಟ್ ಅಂತ. ಮಾತಾಡಲು ಬರುತ್ತದೆ, ಹಾಡಲು ಬರುವುದಿಲ್ಲ ಅಂದರೆ ನಿಮ್ಮ ವ್ಯಾಯಾಮ ಮಧ್ಯಮ ದರ್ಜೆಯದು. ನಾಲ್ಕು ಶಬ್ದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾದರೆ ಜೋರಿನದು. ಬೇರೆ ಕಡೆ ಓಡುವವರು ಈ ಪರೀಕ್ಷೆಯನ್ನು ತಾವೇ ಮಾಡಿಕೊಳ್ಳಬೇಕು. ನಮ್ಮಲ್ಲಿ ಸಾರ್ವಜನಿಕರೇ ಮಾಡಿಕೊಡುತ್ತಾರೆ, ಅದೂ ಪುಕ್ಕಟೆ. ಕಾಕಾನ ಎದುರು "ಸುಮ್ನ, ಆರೋಗ್ಯಕ್ಕ ಛಲೋ ಅಂತ್ರೀ" ಅಂತ ಪೂರ್ತಿ ವಾಕ್ಯ ಬರುತ್ತದೆ. ಮುಂದಿನ ತಿರುವಿನಲ್ಲಿ ಲಾಫಿಂಗ್ ಕ್ಲಬ್ಬಿನವರಿಗೆ "ಹೂಂನ್ರೀ" ಅಷ್ಟೇ. ಅದರ ಮುಂದೆ ಬರೀ ಕೈ ಎತ್ತುವುದು.

ಈ ಕೈ ಎತ್ತುವುದು ಅಪಾಯ. ಒಂದು ಸಲ ಬೆಂಚಿನ ಮೇಲೆ ಕೂತಿದ್ದವರಿಗೆ ನಮಸ್ಕಾರ ಅನ್ನುವ ಹಾಗೆ ಕೈ ಎತ್ತಿದೆ. ಅವರು ಅದನ್ನು ಬೇರೆ ಥರ ತಿಳಿದುಕೊಂಡರು. ಎರಡು ಕಡೆಯಿಂದ ತೋಳು ಹಿಡಿದು ಕೂರಿಸಿದರು. ಒಬ್ಬರು ಬೂಟಿನ ಲೇಸ್ ಬಿಚ್ಚಿದರು. ಇನ್ನೊಬ್ಬರು ಅಂಗಾಲು ತಿಕ್ಕತೊಡಗಿದರು. "ಗಾಳಿ ಬಿಡ್ರಿ, ಗಾಳಿ ಬಿಡ್ರಿ" ಅನ್ನುತ್ತಾ ಎಲ್ಲರೂ ಹತ್ತಿರ ಬಂದರು. "ಯಾರ ಹತ್ರರ ಉಳ್ಳಾಗಡ್ಡಿ ಐತೇನ್ರೀ? ಮೂಗಿಗೆ ಹಿಡೀರಿ!" ಅಂತ ಯಾರೋ ಕೂಗಿದರು. ಬೆಟ್ಟದ ಮೇಲೆ ವಾಕಿಂಗ್ ಬಂದವರ ಹತ್ತಿರ ಉಳ್ಳಾಗಡ್ಡಿ ಎಲ್ಲಿಂದ ಬರಬೇಕು ಅಂತ ನಾನು ಧೈರ್ಯವಾಗಿದ್ದೆ. ಒಬ್ಬ ಮಾವ್ಶಿಯ ಕೈಚೀಲದಲ್ಲಿ ಇತ್ತು. ಅಂಗೈಯಲ್ಲಿ ಗುದ್ದಿ, ಎರಡು ಹೋಳು ಮಾಡಿ, ಎರಡು ಮೂಗಿನ ಹೊಳ್ಳೆಗೂ ಒಂದೊಂದು ಹಿಡಿದರು. ವಾಚು ಓಡುತ್ತಲೇ ಇತ್ತು.

ಅದೇ ನನ್ನ ತಕರಾರು. ಓಟದ ಆ್ಯಪ್‌ನಲ್ಲಿ ಎರಡು ಲೆಕ್ಕ ಇರುತ್ತದೆ. ಕಾಲು ಓಡಿದ ಸಮಯ ಒಂದು, ಶುರುವಿನಿಂದ ಕೊನೆಯವರೆಗಿನ ಒಟ್ಟು ಸಮಯ ಇನ್ನೊಂದು. ದಾಖಲೆಗೆ ಹಿಡಿಯುವುದು ಒಟ್ಟು ಸಮಯವನ್ನೇ. ನೀರು ಕುಡಿಯಲು ನಿಂತರೂ ಅಷ್ಟೇ, ಉಳ್ಳಾಗಡ್ಡಿ ಮೂಸಲು ನಿಂತರೂ ಅಷ್ಟೇ. ಈ ನಿಯಮ ಮಾಡಿದವರು ಹುಬ್ಬಳ್ಳಿ ನೋಡಿಲ್ಲ. ಈ ನಾಡಿನ ಜನ ಅಕ್ಷರ ಕಲಿಯದಿದ್ದರೂ ಮಾತು ಬಲ್ಲವರು ಅಂತ 9ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಬರೆದದ್ದು ನೃಪತುಂಗನ ಆಸ್ಥಾನದಲ್ಲಿ. ಆ ರಾಜನ ಹೆಸರಿನ ಬೆಟ್ಟದಲ್ಲೇ ಮಾತಿನ ಟೈಮನ್ನು ಲೆಕ್ಕದಿಂದ ಕಳೆಯಬೇಕು ಅಂತ ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಇಯರ್‌ಫೋನ್ ಹಾಕಿಕೊಂಡು ನೋಡಿದೆ. ಕೇಳಿಸಲಿಲ್ಲ ಅನ್ನುವ ನೆಪ ಇರಲಿ ಅಂತ. ಕಾಕಾ ಬಡಿಗೆ ಅಡ್ಡ ಹಿಡಿದರು. "ಕಿವ್ಯಾಗಿಂದು ತಗಿ ಅದನ್ನ, ಮೂರು ಸಲ ಕರದೆ." ಕರಿ ಕನ್ನಡಕ ಹಾಕಿದೆ. ಕಣ್ಣು ಬಂದಿದೆ ಅಂತ ತಿಳಿದು ಎಲ್ಲರೂ ಮನೆಮದ್ದು ಹೇಳಿದರು.

ಇನ್ನೂ ಬೇಜಾರಿನ ಸಂಗತಿ ಅಂದರೆ ಉಳ್ಳಾಗಡ್ಡಿ ಮಾವ್ಶಿ. ಕಾಲಲ್ಲಿ ಚಪ್ಪಲಿ, ಸೀರೆಯ ಮೇಲೆ ಸ್ವೆಟರ್. ಕೊನೆಯ ಏರಿನಲ್ಲಿ ನಾನು ಸೈಕಲ್ ಪಂಪಿನ ಹಾಗೆ ಉಸಿರು ಬಿಡುತ್ತಾ ಓಡುತ್ತಿರುವಾಗ ಅವರು ಪಕ್ಕದಲ್ಲೇ ನಡೆದುಕೊಂಡು ಬರುತ್ತಾರೆ. ಮಾತಾಡುತ್ತಾ ಬೇರೆ. ಮನೆಗೆ ಬಂದು ಹುಡುಕಿದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು ಟ್ರೆಡ್‌ಮಿಲ್ಲನ್ನು ಓರೆಯಾಗಿ ಎತ್ತಿಟ್ಟು ಓಡುವವರನ್ನು ಹತ್ತಿಸಿ ನೋಡಿದ್ದಾರೆ. ತುಂಬಾ ಕಡಿದಾದ ಏರನ್ನು ಅದೇ ವೇಗದಲ್ಲಿ ಹತ್ತಲು ಓಡುವುದಕ್ಕಿಂತ ನಡೆಯುವುದಕ್ಕೇ ಕಡಿಮೆ ಶಕ್ತಿ ಸಾಕು. 5 ಕಿಲೋಮೀಟರಿನೊಳಗೆ 1,000 ಮೀಟರ್ ಎತ್ತರ ಏರುವ ವರ್ಟಿಕಲ್ ಕಿಲೋಮೀಟರ್ ಪಂದ್ಯದಲ್ಲಿ ದೊಡ್ಡ ದೊಡ್ಡ ಓಟಗಾರರೇ ಮೊಣಕಾಲ ಮೇಲೆ ಕೈಯೂರಿ ನಡೆಯುತ್ತಾರೆ. ನಮ್ಮ ಬೆಟ್ಟ ಅಷ್ಟೇನೂ ಕಡಿದಲ್ಲ. ಆದರೂ ಮಾವ್ಶಿಗೆ ಈ ಸುದ್ದಿ ಹೇಳಿದೆ. "ಅದಕ್ಕ ಅಮೆರಿಕಾಕ್ಕ ಹೋಗಬೇಕಾಗಿತ್ತೇನೋ? ನನ್ನ ಕೇಳಿದ್ರ ಹೇಳ್ತಿದ್ನೆಲ್ಲಾ" ಅಂದರು.

ದೀಪಾವಳಿಗೆ ಬೆಂಗಳೂರಿನಿಂದ ಅಕ್ಕನ ಮಗ ಬಂದ. ನಾನೂ ಬರ್ತೀನಿ ಮಾಮಾ ಅಂದ. ಮೈ ಬೆಚ್ಚಗೆ ಮಾಡಿಕೊಳ್ಳಲಿಲ್ಲ, ಬೂಟಿನ ಲೇಸೂ ಸರಿಯಾಗಿ ಕಟ್ಟಲಿಲ್ಲ. ಓಡಿದ, ಮುಟ್ಟಿದ. 8 ನಿಮಿಷಕ್ಕೆ ಇನ್ನೂ ಬೇಕಾದಷ್ಟು ಬಾಕಿ ಇತ್ತು. ಎಳೇ ಕಾಲು, ಒಪ್ಪೋಣ. ಆದರೆ ದಾರಿಯುದ್ದಕ್ಕೂ ಅವನನ್ನು ಒಬ್ಬರೂ ನಿಲ್ಲಿಸಲಿಲ್ಲ. ಯಾರ ಮಗ ಅಂತ ಗೊತ್ತಿಲ್ಲದವನನ್ನು ನಿಲ್ಲಿಸಿ ಏನು ಕೇಳುವುದು? ಮೇಲೆ ನಿಂತು ಉಣಕಲ್ ಕೆರೆಯ ಸೆಲ್ಫಿ ತೆಗೆಯುತ್ತಿದ್ದವನು ನನ್ನನ್ನು ಕಂಡು "ಈಸಿ ಐತಲ್ಲ ಮಾಮಾ" ಅಂದ.

ಮರುದಿನವೂ ಕರೆದುಕೊಂಡು ಹೋದೆ. ಮೊದಲ ತಿರುವಿನಲ್ಲಿ ನಾನೇ ನಿಂತೆ.

"ಕಾಕಾ, ಇಂವ ನಮ್ಮ ಅಕ್ಕನ ಮಗ. ಬೆಂಗಳೂರಾಗ ಕೆಲಸ. ಇನ್ನೂ ಮದಿವಿ ಆಗಿಲ್ಲ."

ಕಾಕಾ ಬಡಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಹುಡುಗನ ಕೈ ಹಿಡಿದರು. "ಯಾವ ಕಂಪನೀಪಾ? ಪಗಾರ ಎಷ್ಟು?" ನಾನು ಗೇಟಿಗೆ ವಾಪಸ್ ಇಳಿದು, ವಾಚು ಒತ್ತಿ, ಇಬ್ಬರ ಪಕ್ಕದಿಂದಲೇ ಓಡಿದೆ. ಕಾಕಾ ತಿರುಗಿಯೂ ನೋಡಲಿಲ್ಲ. ಸುದ್ದಿ ನನಗಿಂತ ಮುಂಚೆ ಮೇಲೆ ಹೋಗಿತ್ತು. ಲಾಫಿಂಗ್ ಕ್ಲಬ್ಬಿನವರು ನಗುವುದನ್ನು ಅರ್ಧಕ್ಕೆ ಬಿಟ್ಟು ಇಳಿದು ಬರುತ್ತಿದ್ದರು. ಮಾವ್ಶಿ ಅವರಿಗಿಂತ ಮುಂದೆ ಇದ್ದರು, ಫೋನಿನಲ್ಲಿ ಯಾರಿಗೋ "ಹುಡುಗಿ ಫೋಟೋ ಲಗೂನ ಕಳಸ" ಅನ್ನುತ್ತಾ.

7 ನಿಮಿಷ 51 ಸೆಕೆಂಡು.